ಗಾಜಿ ಮುಳುಗಿದ ಕಡಲ ದಂಡೆಯಲ್ಲಿ ಒಂದು ದಿನ

ವಿಶಾಖಪಟ್ಟಣದ ಕುರ್ಸುರಾ ಸಬ್‌ಮರೀನ್ ಮ್ಯೂಸಿಯಂ ನೋಡಬೇಕು ಅಂತಿದ್ದರೆ ಸೋಮವಾರ ಹೋಗಬೇಡಿ, ಅವತ್ತು ರಜೆ. ವಾರದ ಉಳಿದ ದಿನಗಳಲ್ಲೂ ಒಳಗೆ ಬಿಡುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಅದಕ್ಕೇ ನಾನು ಬೆಳಗಿನ ಹೊತ್ತನ್ನು ಸ್ಮಾರಕಕ್ಕೆ ಇಟ್ಟುಕೊಂಡೆ. ಜೊತೆಗೆ ಅಣ್ಣನ ಮಗ ಇದ್ದ, ಹೈಸ್ಕೂಲು ಹುಡುಗ. ವಿಜಯವಾಡದಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದೆವು. ತಿಂಡಿ ತಿಂದು, ಆಟೋ ಹಿಡಿದು ನೇರ ಆರ್‌.ಕೆ. ಬೀಚ್.

‘ವಿಕ್ಟರಿ ಅಟ್ ಸೀ’ ಸ್ಮಾರಕ ಬೀಚ್ ರಸ್ತೆಯಲ್ಲೇ ಇದೆ. 1971ರ ಭಾರತ-ಪಾಕಿಸ್ತಾನ ಯುದ್ಧದ ನೆನಪಿಗೆ 1996ರಲ್ಲಿ ಕಟ್ಟಿದ್ದು. ಪ್ರತಿ ವರ್ಷ ಡಿಸೆಂಬರ್ 4ರಂದು, ನೌಕಾಪಡೆ ದಿನ, ಇಲ್ಲಿ ಹೂಮಾಲೆ ಇಟ್ಟು ಗೌರವ ಸಲ್ಲಿಸುತ್ತಾರೆ. ಜಾಗ ದೊಡ್ಡದೇನಲ್ಲ. ಬಹಳ ಜನ ಸುಮ್ನೆ ಒಂದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನಾವು ಕಡಲಿಗೆ ಮುಖ ಮಾಡಿ ಕೂತೆವು. ಹುಡುಗನಿಗೆ ಗಾಜಿಯ ಕಥೆ ಹೇಳದೆ ಸಬ್‌ಮರೀನ್ ತೋರಿಸಲು ನನಗೆ ಮನಸ್ಸಿರಲಿಲ್ಲ.

ಪಾಕಿಸ್ತಾನದ ಸಬ್‌ಮರೀನ್ ಗಾಜಿ ಆ ಯುದ್ಧದಲ್ಲಿ ಬಂಗಾಳ ಕೊಲ್ಲಿಗೆ ಬಂದದ್ದು ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ ಅನ್ನು ಹುಡುಕಿಕೊಂಡು. ವಿಕ್ರಾಂತ್ ಆಗಲೇ ಅಂಡಮಾನ್ ಕಡೆಗೆ ಹೋಗಿತ್ತು. ಅದು ಇಲ್ಲೇ ಇದೆ ಎಂದು ಶತ್ರು ನಂಬಬೇಕಲ್ವಾ? ನೌಕಾಪಡೆಯ ಪೂರ್ವ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅದಕ್ಕಾಗಿ ಐಎನ್‌ಎಸ್ ರಜಪೂತ್ ಎಂಬ ಹಳೆಯ ಹಡಗನ್ನು ವಿಕ್ರಾಂತ್‌ನಂತೆ ನಟಿಸಲು ಬಿಟ್ಟರು. ಡಿಸೆಂಬರ್ 3ರ ನಡುರಾತ್ರಿ ಕಳೆದ ಮೇಲೆ ಬಂದರಿನ ಹೊರಗೆ ದೊಡ್ಡ ಸ್ಫೋಟವಾಯಿತು. ಗಾಜಿ ಮುಳುಗಿತು. ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಎಂದು ನಮ್ಮವರು, ಒಳಗೇ ಆದ ಅನಾಹುತ ಎಂದು ಅವರು, ವಾದ ಇನ್ನೂ ಮುಗಿದಿಲ್ಲ. ಒಳಗಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಗಾಜಿ ಈಗಲೂ ಇದೇ ನೀರಿನ ತಳದಲ್ಲಿದೆ.

“ಅವರೂ ಅಲ್ಲೇ ಇದ್ದಾರಾ ಚಿಕ್ಕಪ್ಪ?” ಅಂದ. ಹೌದು ಅಂದೆ. ಗೆದ್ದ ಕಥೆ ಹೇಳುವಾಗ ಈ ಮಾತನ್ನು ಬಿಡಬಾರದು ಅಂತ ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ಊಟ ಮುಗಿಸಿ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತೆವು. ಕುರ್ಸುರಾ ಸೋವಿಯತ್ ಕಾಲದ ಫಾಕ್ಸ್‌ಟ್ರಾಟ್ ಮಾದರಿಯದು. 1969ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿ, 1971ರಲ್ಲಿ ಅರಬ್ಬಿ ಸಮುದ್ರದಲ್ಲಿ ಗಸ್ತು ಹೊಡೆದು, 2001ರಲ್ಲಿ ನಿವೃತ್ತಿಯಾಯಿತು. ಉದ್ದ 91 ಮೀಟರ್, ಹೆಚ್ಚುಕಡಿಮೆ ಗಾಜಿಯಷ್ಟೇ. ಇದನ್ನು ನೀರಿನಿಂದ ಮರಳಿನ ಮೇಲೆ ಎಳೆದು ಕೂರಿಸಿ 2002ರಲ್ಲಿ ಜನರಿಗೆ ತೆರೆದರು.

ಹೊರಗಿನಿಂದ ಎಷ್ಟು ದೊಡ್ಡದು, ಒಳಗೆ ಅಷ್ಟೇ ಇಕ್ಕಟ್ಟು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಬಾಗಿಲು. ಮೊದಲು ಒಂದು ಕಾಲು, ಆಮೇಲೆ ತಲೆ ಬಗ್ಗಿಸಿ ಮೈ, ಕೊನೆಗೆ ಇನ್ನೊಂದು ಕಾಲು. ಅಂಚಿನ ಕಬ್ಬಿಣ ಕೈಗೆ ತಣ್ಣಗೆ ತಗಲುತ್ತದೆ. ನೀರು ನುಗ್ಗಿದರೆ ಆ ಬಾಗಿಲನ್ನು ಮುಚ್ಚಿ ಬಿಗಿಯುತ್ತಾರೆ, ಆಚೆ ಯಾರಿದ್ದರೂ ಸರಿ. ಇದನ್ನು ಕೇಳಿದ ಮೇಲೆ ಹುಡುಗ ಪ್ರತಿ ಬಾಗಿಲನ್ನೂ ನಿಧಾನವಾಗಿ ದಾಟಿದ.

ನೀರಿನೊಳಗೇ ಓಡಿ ಹಡಗನ್ನು ಹೊಡೆಯುವ ಟಾರ್ಪಿಡೊಗಳಿಗೆ ಮುಂದೆ 6, ಹಿಂದೆ 4 ಕೊಳವೆಗಳು. ಸುಮಾರು 75 ಜನ ಇಲ್ಲೇ ಇರಬೇಕಿತ್ತು. ಕಾಲ ಕೆಳಗೆ ಬ್ಯಾಟರಿಗಳ ರಾಶಿ. ನೀರಿನೊಳಗೆ ಓಡುವುದು ಆ ಬ್ಯಾಟರಿಯಲ್ಲಿ. ಅದು ಖಾಲಿಯಾಗುತ್ತಾ ಬಂದಾಗ ಮೇಲೆ ಬಂದೋ, ಗಾಳಿ ಎಳೆಯುವ ಕೊಳವೆ ಮೇಲೆತ್ತಿಯೋ ಡೀಸೆಲ್ ಎಂಜಿನ್ ಹಾಕಿ ಚಾರ್ಜ್ ಮಾಡಬೇಕು. ಸಿಕ್ಕಿಬೀಳುವ ಭಯ ಜಾಸ್ತಿ ಇರುವುದೂ ಆಗಲೇ. ಸಿಹಿನೀರು ಅಳತೆಯಲ್ಲಿ, ಸ್ನಾನದ ಮಾತೇ ಬೇಡ. ವಿವರಿಸಲು ಅಲ್ಲಿ ನೌಕಾಪಡೆಯ ನಿವೃತ್ತರು ಇರುತ್ತಾರೆ. ಅವರಿಗೆ “ಸಾರ್, ಅಡುಗೆ ಎಲ್ಲಿ ಮಾಡ್ತಿದ್ರಿ?” ಅಂತ ಕೇಳಿ ನೋಡಿ, ಬೋರ್ಡಿನ ಮೇಲೆ ಇಲ್ಲದ ಸಂಗತಿಗಳು ಬರುತ್ತವೆ. ಹಿಂದಿನವರು ತಳ್ಳಿದರೂ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ, ಓಡಬೇಡಿ. ಮಂಡಿ ನೋವಿರುವ ಹಿರಿಯರನ್ನು ಮಾತ್ರ ಒಳಗೆ ಕರೆದೊಯ್ಯಬೇಡಿ.

ಹೊರಬಂದು ರಸ್ತೆ ದಾಟಿದರೆ ಟಿಯು-142 ವಿಮಾನ. ಸಬ್‌ಮರೀನ್ ಬೇಟೆಗೆಂದೇ ಇದ್ದದ್ದು, 1988ರಿಂದ 2017ರವರೆಗೆ ನಮ್ಮ ನೌಕಾಪಡೆಯಲ್ಲಿ ಹಾರಿತು. ನೀರಿನೊಳಗಿನ ಸದ್ದು ಕೇಳಲು ಇದರಿಂದ ತೇಲುವ ಯಂತ್ರಗಳನ್ನು ಸಮುದ್ರಕ್ಕೆ ಬಿಡುತ್ತಿದ್ದರು. ಅಡಗುವವನನ್ನು ನೋಡಿ, ಆಮೇಲೆ ಹುಡುಕುವವನನ್ನು ನೋಡಿ. ಈ ಕ್ರಮ ಚೆನ್ನಾಗಿ ಕೂತಿತು.

ಇನ್ನು ಅದೇ ಯುದ್ಧದಲ್ಲಿ ಪಾಕಿಸ್ತಾನದ ಕರಾಚಿ ಬಂದರಿನ ಮೇಲೆ ನಮ್ಮ ನೌಕಾಪಡೆಯ ದಾಳಿ ನಡೆದದ್ದು ಪಶ್ಚಿಮದಲ್ಲಿ, ಪುಟ್ಟ ಕ್ಷಿಪಣಿ ದೋಣಿಗಳಿಂದ. ಅದೇ ಒಸಾ ಜಾತಿಯ, ಯುದ್ಧದ ನಂತರ ಬಂದ ಐಎನ್‌ಎಸ್ ಚಪಲ ನಮ್ಮ ಕಾರವಾರದ ಟ್ಯಾಗೋರ್ ಬೀಚಿನಲ್ಲೇ ಇದೆ. ವಿಶಾಖಪಟ್ಟಣ ದೂರವಾಯಿತು ಅನ್ನುವವರು ಅಲ್ಲಿಂದ ಶುರು ಮಾಡಬಹುದು.