ಹಿಂದಿನ ಸ್ಪೀಕರ್ ಯಾಕೆ ಸುಮ್ಮನಿದೆ?

ಐದು ಸ್ಪೀಕರ್, ಒಂದು ಸಬ್‌ವೂಫರ್, ಸ್ಪೀಕರ್‌ಗಳಿಗೆ ಶಬ್ದ ಹಂಚುವ ಒಂದು ರಿಸೀವರ್ ತಂದು ಟಿವಿಗೆ ಜೋಡಿಸಿದ್ದಾಯಿತು. ಸಿನಿಮಾ ಹಾಕಿದರೆ ಶಬ್ದವೆಲ್ಲ ಮುಂದಿನಿಂದಲೇ. ಹಿಂದಿನ ಸ್ಪೀಕರ್‌ಗೆ ಕಿವಿ ಇಟ್ಟರೆ ಏನೂ ಕೇಳಿಸುವುದಿಲ್ಲ. ನಮ್ಮ ಮನೆಯಲ್ಲೂ ಮೂರು ವಾರ ಹೀಗೇ ಇತ್ತು. ಸ್ಪೀಕರ್ ಕೆಟ್ಟಿರಲಿಲ್ಲ, ಟಿವಿಯಿಂದ ಹೊರಡುತ್ತಿದ್ದದ್ದೇ ಎಡ, ಬಲ ಅಂತ ಎರಡು ಚಾನೆಲ್ ಶಬ್ದ.

ಮೊದಲು ಟಿವಿ ಹಿಂಭಾಗಕ್ಕೆ ಮೊಬೈಲ್ ಟಾರ್ಚ್ ಹಿಡಿಯಿರಿ. ಎಚ್‌ಡಿಎಂಐ ಪೋರ್ಟ್‌ಗಳ ಸಾಲಿನಲ್ಲಿ ಒಂದರ ಪಕ್ಕ ಮಾತ್ರ ಪುಟ್ಟ ಅಕ್ಷರದಲ್ಲಿ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಅಂತ ಇರುತ್ತದೆ. ಕೇಬಲ್ ಅದಕ್ಕೇ ಹೋಗಬೇಕು. ಉಳಿದವು ಶಬ್ದವನ್ನು ಟಿವಿಯೊಳಕ್ಕೆ ತರುತ್ತವೆ ಅಷ್ಟೆ. ಇದೊಂದು ಮಾತ್ರ ಹೊರಕ್ಕೂ ಕಳಿಸುತ್ತದೆ. ಕೇಬಲ್‌ನ ಇನ್ನೊಂದು ತುದಿ ರಿಸೀವರ್‌ನ ‘ಔಟ್’ ಪೋರ್ಟ್‌ಗೆ. ಶಬ್ದ ರಿಸೀವರ್‌ನ ಒಳಗೆ ಬರಬೇಕಲ್ವಾ ಅಂತ ‘ಇನ್’ಗೆ ಚುಚ್ಚಬೇಡಿ.

ಎಆರ್‌ಸಿ ಬಂದದ್ದು 2009ರಲ್ಲಿ, ಎಚ್‌ಡಿಎಂಐ 1.4ರ ಜೊತೆ. ಅದಿಲ್ಲದ ಹಳೇ ಟಿವಿಗೆ ಆಪ್ಟಿಕಲ್ ಕೇಬಲ್ ಸಾಕು, 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಡಾಲ್ಬಿ ಡಿಜಿಟಲ್ ಶಬ್ದ ಅದರಲ್ಲೂ ಹರಿಯುತ್ತದೆ. ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಹಾಕಿ. ಹೆಡ್‌ಫೋನ್ ಜ್ಯಾಕ್‌ನಿಂದ ಎಳೆದರೆ ಸಿಗುವುದು ಎರಡೇ ಚಾನೆಲ್.

ಇನ್ನು ಸೆಟ್ಟಿಂಗ್. ಎಡವಟ್ಟಾಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಮಾಡಿ. ಮೊದಲು ಟಿವಿಯಲ್ಲಿ ಸಿಇಸಿ ಆನ್ ಮಾಡಿ, ಅಂದರೆ ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿ ಮತ್ತು ರಿಸೀವರ್ ಒಂದಕ್ಕೊಂದು ಸೂಚನೆ ಕಳಿಸುವ ವ್ಯವಸ್ಥೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಸೌಂಡ್ ಔಟ್‌ಪುಟ್ ಅನ್ನು ಟಿವಿ ಸ್ಪೀಕರ್‌ನಿಂದ ರಿಸೀವರ್‌ಗೆ ಬದಲಿಸಿ. ಕೊನೆಗೆ ‘ಡಿಜಿಟಲ್ ಔಟ್‌ಪುಟ್’ ನೋಡಿ. ಅಲ್ಲಿ ಪಿಸಿಎಂ ಅಂತಿದ್ದರೆ ಎಆರ್‌ಸಿಯಲ್ಲಾಗಲಿ ಆಪ್ಟಿಕಲ್‌ನಲ್ಲಾಗಲಿ ಹೋಗುವುದು ಬರೀ ಸ್ಟೀರಿಯೋ. ಆಟೋ, ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಿಸಿ. ನಮ್ಮ ಹಿಂದಿನ ಸ್ಪೀಕರ್‌ಗೆ ಜೀವ ಬಂದದ್ದು ಈ ಒಂದು ಬಟನ್‌ನಿಂದ. ಸೆಟ್‌ಟಾಪ್ ಬಾಕ್ಸ್‌ನ ಆಡಿಯೋ ಸೆಟ್ಟಿಂಗ್ ಕೂಡ ನೋಡಿ. ಸ್ಟೀರಿಯೋದಲ್ಲೇ ಬರುವ ಕಾರ್ಯಕ್ರಮ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ. ಒಟಿಟಿಯಲ್ಲಿ 5.1 ಅಂತ ಗುರುತಿರುವ ಸಿನಿಮಾ ಹಾಕಿ, ರಿಸೀವರ್ ಡಿಸ್‌ಪ್ಲೇಯಲ್ಲಿ ಡಾಲ್ಬಿ ಹೆಸರು ಮೂಡುತ್ತಾ ನೋಡಿ.

ಸ್ಪೀಕರ್ ವೈರ್ ಹಾಕುವಾಗ ಪವರ್ ಪ್ಲಗ್ ಕಿತ್ತಿಡಿ. ತುದಿಯ ಸಿಪ್ಪೆ ಒಂದು ಸೆಂಟಿಮೀಟರ್ ಸುಲಿದು, ತಾಮ್ರದ ಎಳೆಗಳನ್ನು ಬತ್ತಿಯ ಹಾಗೆ ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಎಳೆ ಆಚೆ ಟರ್ಮಿನಲ್‌ಗೆ ತಗುಲಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಸುಡಬಹುದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್‌ಗೆ ಅದಲುಬದಲಾದರೂ ಬಾಸ್ ಸೊರಗುತ್ತದೆ.

ಸರೌಂಡ್ ಸ್ಪೀಕರ್ ಅಂದರೆ ಬೆನ್ನ ಹಿಂದೆಯೇ ಇರಬೇಕು ಅಂತೇನಿಲ್ಲ. ಕೂತವರ ಎರಡೂ ಪಕ್ಕ, ಸ್ವಲ್ಪ ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಮೇಲಿದ್ದರೆ ಒಳ್ಳೆಯದು. ನಮ್ಮ ಕಡೆ ಸೋಫಾ ಗೋಡೆಗೇ ಅಂಟಿರುತ್ತದಲ್ಲ, ಆಗ ಪಕ್ಕದ ಗೋಡೆಗಳಿಗೆ ಹಾಕಿ. ಮುಂದಿನ ಜೋಡಿಯನ್ನು ಶೋಕೇಸ್ ತುದಿಗೆ ಏರಿಸಬೇಡಿ, ಕಿವಿಯ ಮಟ್ಟಕ್ಕಿಡಿ.

ರಿಸೀವರ್‌ನಲ್ಲಿ ಟೆಸ್ಟ್ ಟೋನ್ ಹಾಕಿದರೆ ‘ಶ್...’ ಅನ್ನುವ ಸದ್ದು ಒಂದೊಂದೇ ಸ್ಪೀಕರ್‌ಗೆ ಸುತ್ತು ಹೊಡೆಯುತ್ತದೆ. ಎಡ–ಬಲ ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ. ಮಾತು ಮೊದಲು ಕೇಳಿ ತುಟಿ ಆಮೇಲೆ ಅಲ್ಲಾಡಿದರೆ ‘ಆಡಿಯೋ ಡಿಲೇ’ಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಇದಕ್ಕೆ ವಾರ್ತೆ ಓದುವವರ ಮುಖ ನೋಡುತ್ತಾ ಸರಿಮಾಡುವುದು ಸುಲಭ.