ದಾಟಿತು ಅಂದಮೇಲೆ ಬಂದ ನೀರು

2024ರ ನವೆಂಬರ್ ಕೊನೆ. ಅಮ್ಮ ಪುದುಚೇರಿಯ ಅಕ್ಕನ ಮನೆಯಲ್ಲಿದ್ದರು, ನಾನು ಇಲ್ಲಿ ಬಸವನಗುಡಿಯಲ್ಲಿ. ಇಲ್ಲಿ ಬರೀ ಜಿಟಿಜಿಟಿ ಮಳೆ, ಚಳಿಗಾಳಿ. ಅಲ್ಲಿ ಫೆಂಗಲ್ ಚಂಡಮಾರುತ. ಆ ಎರಡು ದಿನ ಫೋನಿನಲ್ಲೇ ಅವರ ಜೊತೆ ಹೇಗೆ ಕಳೆದೆ, ಎಲ್ಲಿ ಎಡವಿದೆ ಅಂತ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ನಿಮ್ಮವರಿದ್ದರೆ ಉಪಯೋಗಕ್ಕೆ ಬರಲಿ.

ಇದು ಚಂಡಮಾರುತ ಆಗುವುದಿಲ್ಲ, ವಾಯುಭಾರ ಕುಸಿತವಾಗಿಯೇ ದಡ ಸೇರುತ್ತದೆ ಅಂತ ಮೊದಲು ಹೇಳಿದ್ದರು. ಶುಕ್ರವಾರ, 29ರ ಮಧ್ಯಾಹ್ನ ಆಗಿಯೇಬಿಟ್ಟಿತು. ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ. ಕುಡಿಯುವ ನೀರು ತುಂಬಿಸಿಟ್ಟಳು, ಕಾಗದಪತ್ರ ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟಕ್ಕೇರಿಸಿದಳು.

ಅಮ್ಮನ ಇನ್ಸುಲಿನ್‌ದೇ ದೊಡ್ಡ ಚಿಂತೆ. ಕರೆಂಟ್ ಹೋದರೆ ಫ್ರಿಜ್ ಇಲ್ಲ, ಅಲ್ವಾ? ಅಕ್ಕ ಮಣ್ಣಿನ ಮಡಕೆಗೆ ಸ್ವಲ್ಪ ನೀರು ಹಾಕಿ, ಔಷಧಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಮಡಕೆಯೊಳಗೆ ಕೂರಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಭಾನುವಾರ ಸಂಜೆವರೆಗೂ ಡಬ್ಬಿ ತಣ್ಣಗೇ ಇತ್ತು.

ಇಬ್ಬರಲ್ಲಿ ಒಂದೇ ಫೋನ್ ಆನ್. ಗಂಟೆಗೊಮ್ಮೆ ನಾನೇ ಮಾಡುವುದು, ಒಂದೇ ನಿಮಿಷ. ಹವಾಮಾನ ಇಲಾಖೆಯ ಬುಲೆಟಿನ್, ರೇಡಾರ್ ಚಿತ್ರ ನೋಡುವ ಕೆಲಸ ನನ್ನದು, ಅವರ ಬ್ಯಾಟರಿ ಉಳಿಯಲಿ ಅಂತ. ಇದು ಮಾತ್ರ ನಿಜಕ್ಕೂ ಕೈಹಿಡಿಯಿತು.

ಶನಿವಾರ ಸಂಜೆಯಿಂದ ಗಂಟೆಗೆ 70-80 ಕಿ.ಮೀ. ಗಾಳಿ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ದಡ ದಾಟಿತು. "ಮುಗೀತಮ್ಮ, ಇನ್ನು ಮಲಗಿ" ಅಂದೆ. ಆ ಮಾತು ಆಡಬಾರದಿತ್ತು. ದಾಟಿದ್ದು ಮುಂದಕ್ಕೆ ಸರಿಯಲೇ ಇಲ್ಲ, ಪುದುಚೇರಿ ಹತ್ತಿರವೇ ಗಂಟೆಗಟ್ಟಲೆ ನಿಂತುಬಿಟ್ಟಿತು, ಸಮುದ್ರದ ತೇವ ಎಳೆದು ಎಳೆದು ಒಂದೇ ಕಡೆ ಸುರಿಯಿತು. 24 ಗಂಟೆಯಲ್ಲಿ 45 ಸೆಂ.ಮೀ.ಗೂ ಜಾಸ್ತಿ. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ ಅದು. ರೇಡಾರಿನಲ್ಲಿ ಮೋಡ ಕದಲುತ್ತಿಲ್ಲ ಅನ್ನುವುದು ಕಾಣುತ್ತಿತ್ತು, ಆದರೆ ದಾಟಿತು ಅಂದ ಮೇಲೆ ನಾನು ನೋಡುವುದನ್ನೇ ಬಿಟ್ಟಿದ್ದೆ.

ಬೆಳಗಿನ ಜಾವ ನಾಲ್ಕಕ್ಕೆ ಅಕ್ಕನ ಫೋನ್. ನೀರು ಬಾಗಿಲಿಂದ ಬಂದಿರಲಿಲ್ಲ. "ಬಚ್ಚಲ ತೂತಿಂದ ಕಣೋ, ಕಪ್ಪು ನೀರು, ಗುಳುಗುಳು ಅಂತ ಮೇಲೆ ಬರ್ತಿದೆ" ಅಂದಳು. ಮೋರಿ ತುಂಬಿದರೆ ನೀರು ಮೊದಲು ಬರುವುದೇ ಅಲ್ಲಿಂದ. ಮೇನ್ ಆಫ್ ಮಾಡು, ಸಾಮಾನು ಬಿಡು, ಅಮ್ಮನ್ನ ಕರ್ಕೊಂಡು ಮೇಲೆ ಓನರ್ ಮನೆಗೆ ಹೋಗು ಅಂದೆ. ಕತ್ತಲೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಮಂಡಿನೋವಿನ ಅಮ್ಮನನ್ನು ಅಂಗಳ ದಾಟಿಸಿ ಮೆಟ್ಟಿಲು ಹತ್ತಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ನಾನು ಫೋನ್ ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಶನಿವಾರ ಸಂಜೆ ಬೆಳಕಿರುವಾಗಲೇ ಮೇಲೆ ಕಳಿಸಿದ್ದರೆ ಐದು ನಿಮಿಷದ ಕೆಲಸ.

ಭಾನುವಾರ ಕಾರು ತೆಗೆದುಕೊಂಡು ಹೊರಡೋಣ ಅಂತಿದ್ದೆ. ಅಮ್ಮನೇ ಬೇಡ ಅಂದರು, ಒಳ್ಳೆಯದಾಯಿತು. ಅದೇ ಮಳೆ ಒಳನಾಡಿಗೆ ಸರಿದು, ಸೋಮವಾರ ನಾವು ಹೋಗುವ ದಾರಿಯ ಊತಂಗರೈಯಲ್ಲಿ ನಿಂತಿದ್ದ ವಾಹನಗಳು ನೀರಿನಲ್ಲಿ ಕೊಚ್ಚಿಹೋದವು.

ಅಕ್ಕ ಈಗ ಅಕ್ಟೋಬರ್ ಬಂತೆಂದರೆ ಎರಡು ಮರಳು ಚೀಲ ಕಟ್ಟಿ ಬಚ್ಚಲ ಪಕ್ಕ ಇಡುತ್ತಾಳೆ, ತೂತಿನ ಮೇಲೆ ಹೇರಲು. ಓನರ್ ಹತ್ತಿರ ಮಹಡಿಯ ಒಂದು ರೂಮಿಗೆ ಮೊದಲೇ ಮಾತಾಡಿಕೊಂಡಿದ್ದಾಳೆ.