ಹಳೆಯ ಟ್ರೇಲರ್‌ಗೊಂದು ಜಾಲರಿ ಜಗುಲಿ

ಅಮೆರಿಕದ ಮಿಷಿಗನ್ ರಾಜ್ಯದ ಸರೋವರಗಳ ದಂಡೆಯಲ್ಲಿ, ಬೇಸಿಗೆ ಕಳೆಯಲೆಂದು ಒಂದೇ ಕಡೆ ನಿಲ್ಲಿಸಿಟ್ಟ ಹಳೆಯ ಟ್ರೇಲರ್‌ಗಳು ಬೇಕಾದಷ್ಟಿವೆ. ಕಾರಿನ ಹಿಂದೆ ಎಳೆದೊಯ್ಯುವ ಈ ಗಾಲಿಮನೆಗಳ ಅಗಲ ಸುಮಾರು 8 ಅಡಿ. ಜೂನ್ ಸಂಜೆ ಸೊಳ್ಳೆ ಹೊರಗೆ ಕೂರಲು ಬಿಡುವುದಿಲ್ಲ, ಸೆಕೆ ಒಳಗೆ ಕೂರಲು ಬಿಡುವುದಿಲ್ಲ. ಬಾಗಿಲಿನೆದುರು 10 ಅಡಿ ಅಗಲ, 16 ಅಡಿ ಉದ್ದದ ಜಾಲರಿ ಜಗುಲಿಯೊಂದು ಎದ್ದರೆ ಎರಡೂ ತೊಂದರೆ ನೀಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಜಗುಲಿಯ ಭಾರವನ್ನು ಟ್ರೇಲರ್ ಮೇಲೆ ಹೊರಿಸಬೇಡಿ. ಅದರ ಗೋಡೆಯೆಂದರೆ ತೆಳುವಾದ ಮರದ ಪಟ್ಟಿಗಳಿಗೆ ಹೊದಿಸಿದ ಅಲ್ಯೂಮಿನಿಯಂ ತಗಡು, ಅಷ್ಟೇ. ಒಳಗೆ ಯಾರಾದರೂ ನಡೆದಾಡಿದರೆ ಇಡೀ ಟ್ರೇಲರ್ ಸ್ಪ್ರಿಂಗ್ ಮೇಲೆ ಅಲುಗುತ್ತದೆ. ಬಿಗಿದ ಸ್ಕ್ರೂ ಆ ಅಲುಗಾಟಕ್ಕೆ ಸಡಿಲವಾಗಿ ತೂತು ದೊಡ್ಡದಾಗುತ್ತದೆ. ಅಲ್ಲಿಂದ ಇಳಿದ ಮಳೆನೀರು ಒಳಗಿನ ಪಟ್ಟಿಯನ್ನು ಯಾರಿಗೂ ಕಾಣದಂತೆ ಕೊಳೆಸುತ್ತದೆ. ಆದ್ದರಿಂದ ಟ್ರೇಲರ್ ಬದಿಗೂ ಒಂದು ಸಾಲು ಕಂಬ ನಿಲ್ಲಿಸಿ. ಜಗುಲಿ ತನ್ನ ಕಾಲ ಮೇಲೆ ತಾನೇ ನಿಲ್ಲಲಿ.

ಕೆಲಸಕ್ಕೆ ಮೊದಲು

ಜಾಗದ ಮಾಲೀಕರಿಂದಲೂ ಸ್ಥಳೀಯ ಕಟ್ಟಡ ಕಚೇರಿಯಿಂದಲೂ ಅನುಮತಿ ಪಡೆಯಿರಿ. ಆ ಊರಿನ ಹಿಮದ ಭಾರಕ್ಕೆ ಎಷ್ಟು ದಪ್ಪದ ತೊಲೆ, ಪಕಾಸಿ (ಚಾವಣಿಯ ಇಳಿಜಾರು ಮರ) ಬೇಕೆಂದು ಅಲ್ಲೇ ಕೇಳಿಕೊಳ್ಳಿ.

ಆಮೇಲೆ ಬಾಗಿಲಿನ ಕಡೆಯ ಗೋಡೆಯನ್ನು ನಿಧಾನವಾಗಿ ನೋಡಿ. ಹೀಟರ್, ಗ್ಯಾಸ್ ಫ್ರಿಜ್, ಬಿಸಿನೀರಿನ ಬಾಯ್ಲರ್‌ಗಳ ಹೊಗೆಗಿಂಡಿ ಅಲ್ಲಿದ್ದರೆ ಜಗುಲಿಯನ್ನು ಅಲ್ಲಿಂದ ಪಕ್ಕಕ್ಕೆ ಸರಿಸಲೇಬೇಕು. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಇರಬಹುದು; ಜಾಲರಿ ಇದೆಯಲ್ಲ, ಗಾಳಿಯಾಡುತ್ತದೆ ಎಂದು ನಂಬಿ ಕೂರಬೇಡಿ. ತುರ್ತು ಕಿಟಕಿಗೂ ಏನೂ ಅಡ್ಡ ಬರಬಾರದು.

ಅಡಿಪಾಯ ಮತ್ತು ನೆಲ

ಅಗೆಯುವ ಕೆಲವು ದಿನ ಮೊದಲೇ 811ಕ್ಕೆ ಕರೆ ಮಾಡಿದರೆ ನೆಲದಡಿಯ ವಿದ್ಯುತ್, ಗ್ಯಾಸ್ ಮಾರ್ಗಗಳನ್ನು ಉಚಿತವಾಗಿ ಗುರುತು ಹಾಕಿಕೊಡುತ್ತಾರೆ. ಮಿಷಿಗನ್‌ನಲ್ಲಿ ಅಡಿಪಾಯದ ಗುಂಡಿ 42 ಇಂಚು ಆಳವಿರಬೇಕು. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಆಳ ಸಾಲದಿದ್ದರೆ ಕಂಬವನ್ನೇ ಮೇಲಕ್ಕೆತ್ತುತ್ತದೆ. ಮೂಲೆ ಸರಿಯಿದೆಯೇ ಎಂದು ತಿಳಿಯಲು ಒಂದು ಬದಿಗೆ 6 ಅಡಿ, ಇನ್ನೊಂದು ಬದಿಗೆ 8 ಅಡಿ ಗುರುತು ಮಾಡಿ. ಓರೆಯಾಗಿ ಅಳೆದಾಗ ಸರಿಯಾಗಿ 10 ಅಡಿ ಬರಬೇಕು.

2004ರಿಂದೀಚೆಗೆ ಮನೆಬಳಕೆಗೆ ಮಾರುವ, ಕೊಳೆಯದಂತೆ ರಾಸಾಯನಿಕದಿಂದ ಸಂಸ್ಕರಿಸಿದ ಮರದಲ್ಲಿ ಆರ್ಸೆನಿಕ್ ಹೋಗಿ ತಾಮ್ರದ ಅಂಶ ಹೆಚ್ಚಾಗಿದೆ. ಒದ್ದೆಯಾದಾಗ ಅದು ಸಾಮಾನ್ಯ ಮೊಳೆಯನ್ನೂ ಅಲ್ಯೂಮಿನಿಯಂ ತಗಡನ್ನೂ ತಿಂದುಹಾಕುತ್ತದೆ. ಆದ್ದರಿಂದ ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ಸ್ಕ್ರೂಗಳನ್ನೇ ಬಳಸಿ, ಮರಕ್ಕೂ ಟ್ರೇಲರ್‌ಗೂ ನಡುವೆ ಒಂದಿಂಚು ಸಂದು ಬಿಡಿ.

ನೆಲದ ಹಲಗೆ ಹೊರುವ ಅಡ್ಡಮರಗಳಾದ ಜಂತಿಗಳನ್ನು 16 ಇಂಚಿಗೊಂದರಂತೆ ಕೂರಿಸಿ. ಟ್ರೇಲರ್ ಬಾಗಿಲು ಹೊರಕ್ಕೆ ತೆರೆಯುವುದರಿಂದ ಜಗುಲಿಯ ನೆಲ ಹೊಸ್ತಿಲಿಗಿಂತ ಎರಡಿಂಚಾದರೂ ಕೆಳಗಿರಲಿ. ಹಲಗೆ ಹೊಡೆಯುವ ಮೊದಲು ಜಂತಿಗಳ ಮೇಲೆ ಜಾಲರಿ ಹಾಸಿಬಿಡಿ. ಇದನ್ನು ಬಿಟ್ಟರೆ ನಾಲ್ಕು ಗೋಡೆಗೆ ಎಷ್ಟೇ ಜಾಲರಿ ಕಟ್ಟಿದರೂ ಸೊಳ್ಳೆ ಹಲಗೆಯ ಸಂದಿಯಿಂದ ಮೇಲೆ ಬರುತ್ತದೆ.

ಮಾಡು

ಚಾವಣಿ ಟ್ರೇಲರ್ ಬದಿಗೆ ಎತ್ತರ, ಹೊರಬದಿಗೆ ತಗ್ಗು ಇರಲಿ. ತಗಡಿನ ಮಾಡಿಗೆ ಪ್ರತಿ 12 ಇಂಚಿಗೆ 3 ಇಂಚು ಇಳಿಜಾರು ಕೊಡಿ. 10 ಅಡಿಗೆ ಎರಡೂವರೆ ಅಡಿ ಇಳಿಯುತ್ತದೆ. ಹೊರಬದಿಯಲ್ಲಿ ತಲೆ ತಾಗೀತು ಎನಿಸಿದರೆ ಎರಡೂ ಸಾಲಿನ ಕಂಬಗಳನ್ನು ಎತ್ತರಿಸಿ, ಇಳಿಜಾರನ್ನು ಕಡಿಮೆ ಮಾಡಬೇಡಿ. ಮೇಲಿನ ಅಂಚು ಟ್ರೇಲರ್ ಮಾಡಿನ ಮೇಲೆ ಒಂದಡಿ ಚಾಚಿಕೊಂಡಿರಲಿ, ಆದರೆ ಎಲ್ಲಿಯೂ ತಾಗದಿರಲಿ. ತೆರೆದ ಜಗುಲಿಯೊಳಗೆ ನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಹೀಗಾಗಿ ಪ್ರತಿ ಪಕಾಸಿಯನ್ನೂ ತೊಲೆಗೆ ಲೋಹದ ಪಟ್ಟಿಯಿಂದ ಬಿಗಿಯಿರಿ. ಟ್ರೇಲರ್ ಪಕ್ಕದ ಸಂದನ್ನು ಮೃದುವಾದ ರಬ್ಬರ್ ಪಟ್ಟಿಯಿಂದ ಮುಚ್ಚಿ. ಪಟ್ಟಿಯ ಒಂದು ಅಂಚು ಕಂಬಕ್ಕೆ ಅಂಟಿರಲಿ, ಇನ್ನೊಂದು ಗೋಡೆಗೆ ಸುಮ್ಮನೆ ಒರಗಿರಲಿ.

ಜಾಲರಿ

ಸಾಮಾನ್ಯ ಫೈಬರ್‌ಗ್ಲಾಸ್ ಜಾಲರಿಯಲ್ಲಿ ಇಂಚಿಗೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಎಳೆಗಳಿರುತ್ತವೆ, ಸೊಳ್ಳೆಗೆ ಅದು ಸಾಕು. ನೊರಜು ಹೆಚ್ಚಿರುವ ನೀರಂಚಿನಲ್ಲಾದರೆ 20ಕ್ಕೆ 20ರದನ್ನು ಕೊಳ್ಳಿ. ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ. ಸ್ಟೇಪಲ್ ಹೊಡೆಯುವ ಬದಲು ಅಂಚಿನುದ್ದಕ್ಕೂ ಸಣ್ಣ ತೋಡು ಇರುವ ಚೌಕಟ್ಟು ಮಾಡಿಸಿ, ಮುಂದೆ ಹರಿದರೆ ಅದೊಂದನ್ನೇ ಬದಲಿಸಬಹುದು. ಜಾಲರಿಯನ್ನು ಚೌಕಟ್ಟಿಗಿಂತ ಎರಡಿಂಚು ದೊಡ್ಡದಾಗಿ ಕತ್ತರಿಸಿ ಹಾಸಿ, ರಬ್ಬರ್ ಹುರಿಯನ್ನು ಪುಟ್ಟ ಗಾಲಿಯ ಉಪಕರಣದಿಂದ ತೋಡಿನೊಳಗೆ ಒತ್ತುತ್ತಾ ಹೋಗಿ. ಎಳೆಗಳು ಚೌಕಟ್ಟಿನ ಅಂಚಿಗೆ ಸಮನಾಗಿಯೇ ಸಾಗುತ್ತಿವೆಯೇ ಎಂದು ಮೂಲೆಮೂಲೆಗೂ ನಿಂತು ನೋಡಿ. ಅತಿಯಾಗಿ ಎಳೆದರೆ ಚೌಕಟ್ಟು ಒಳಕ್ಕೆ ಬಾಗುತ್ತದೆ. ಹುರಿ ಒತ್ತುವಾಗ ತಾನಾಗಿ ಬರುವ ಬಿಗುವೇ ಸಾಕು. ಉಳಿದ ಅಂಚನ್ನು ಹುರಿಯ ಹೊರಬದಿಯಲ್ಲಿ ಹರಿತವಾದ ಬ್ಲೇಡಿನಿಂದ ಕೊಯ್ಯಿರಿ.

ಜಾಲರಿ ಬಾಗಿಲು ಹೊರಕ್ಕೆ ತೆರೆಯಲಿ, ಸ್ಪ್ರಿಂಗ್‌ನಿಂದ ತಾನೇ ಮುಚ್ಚಿಕೊಳ್ಳಲಿ. ಹೊಸ ಮರಕ್ಕೆ ಕೂಡಲೇ ಬಣ್ಣ ಬಳಿಯಬೇಡಿ. ಮೇಲೆ ಚಿಮುಕಿಸಿದ ನೀರು ಹಾಗೆಯೇ ನಿಲ್ಲದೆ ಇಂಗಿಹೋಗುವಷ್ಟು ಮರ ಒಣಗಿದ ಮೇಲೆ ಬಳಿಯಿರಿ.